ಜಾಗ ಮಾಡಿಕೊಡಲೇ?

ಗಂಟಲು ಹೋಗಿ ಎರಡು ವರ್ಷವಾಗಿದ್ದರೂ ದೇವೀರಮ್ಮನ ಮಾತು ಹೋಗಿರಲಿಲ್ಲ. ಅದು ಅಡುಗೆಮನೆಯ ಗೋಡೆಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಒಂದು ಕಂಪ್ಯೂಟರಿನೊಳಗೆ ಕೂತಿತ್ತು.

ಆ ಹೊತ್ತಿಗೆ ಅರಸೀಕೆರೆಯಂಥ ಊರಿನಲ್ಲೂ ಮನೆಗೊಂದು ಕಂಪ್ಯೂಟರು ಬಂದು ವರ್ಷಗಳೇ ಕಳೆದಿದ್ದವು. ನೀರಿನ ಮೋಟಾರು ಹಾಕುವುದರಿಂದ ಹಿಡಿದು ಡಾಕ್ಟರ ಚೀಟಿ ಇಟ್ಟುಕೊಳ್ಳುವವರೆಗೆ ಎಲ್ಲವೂ ಅದರದ್ದೇ ಕೆಲಸ. ಅದನ್ನು ನಡೆಸುವ ವ್ಯವಸ್ಥೆಗೆ ಕಂಪನಿಯವರು ‘ಅಂಗಳ’ ಎಂದು ಹೆಸರಿಟ್ಟಿದ್ದರು. ಹೆಸರೇನೋ ಚೆನ್ನಾಗಿತ್ತು. ಆದರೆ ಅಂಗಳ ಮನೆಯವರದು, ಗುಡಿಸುವ ಕಸಬರಿಕೆ ಮಾತ್ರ ಕಂಪನಿಯದು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ದೇವೀರಮ್ಮ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರಾಗಿದ್ದವಳು. ಅರಸೀಕೆರೆ–ತಿಪಟೂರು ದಾರಿಯಲ್ಲಿ ಅವಳ ಕೂಗು ಕೇಳದ ಮರವಿಲ್ಲ. ನಿವೃತ್ತಿಯಾದ ಮರುವರ್ಷವೇ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಹಾಸನದ ಆಸ್ಪತ್ರೆಯವರು, “ಧ್ವನಿಪೆಟ್ಟಿಗೆ ತೆಗೀಲೇಬೇಕಮ್ಮ, ಒಂದು ತಿಂಗಳು ಟೈಮ್ ಐತೆ, ಅಷ್ಟರಲ್ಲಿ ನಿಮ್ಮ ಮಾತನ್ನ ತುಂಬಿಟ್ಕೊಳಿ” ಎಂದು ಧ್ವನಿ ಪ್ರಯೋಗಾಲಯಕ್ಕೆ ಕಳಿಸಿದ್ದರು.

ವಿದ್ಯೆ ಇಷ್ಟೇ. ಕೊರಳಿಗೆ ಒಂದು ಮೆತ್ತನೆಯ ಪಟ್ಟಿ ಕಟ್ಟುತ್ತಾರೆ. ಸದ್ದಿಲ್ಲದೆ ತುಟಿ ಆಡಿಸಿದರೆ ಸ್ನಾಯುಗಳು ಮಿಸುಕುತ್ತವಲ್ಲ, ಆ ಮಿಸುಕಾಟವನ್ನು ಪಟ್ಟಿ ಓದಿ ಮನೆಯ ಕಂಪ್ಯೂಟರಿಗೆ ಹೇಳುತ್ತದೆ. ಮಾತು ಯಾವುದು, ಕೋಪವೋ ಅಕ್ಕರೆಯೋ ಎಂಬುದನ್ನೂ ಅದು ಹಿಡಿಯುತ್ತದೆ. ಕಂಪ್ಯೂಟರು ತನ್ನಲ್ಲಿ ತುಂಬಿಟ್ಟ ದನಿಗಳಲ್ಲಿ ಸರಿಹೊಂದುವುದನ್ನು ಹುಡುಕಿ, ಎದೆಯ ಮೇಲಿನ ಪದಕದಂಥ ಸ್ಪೀಕರಿಗೆ ಕಳಿಸುತ್ತದೆ. ರೆಪ್ಪೆ ಹೊಡೆಯುವಷ್ಟರಲ್ಲಿ ಮಾತು ಹೊರಗೆ.

ಪ್ರಯೋಗಾಲಯದ ಎಂಜಿನಿಯರ್ ಅಸ್ಮಾ ಬಾನು ಓದಲಿಕ್ಕೆ ಮೂರು ಸಾವಿರ ಅಚ್ಚಾದ ವಾಕ್ಯಗಳನ್ನು ಕೊಟ್ಟಿದ್ದಳು. ‘ನನಗೆ ದಾಹವಾಗುತ್ತಿದೆ.’ ‘ದಯವಿಟ್ಟು ಕಿಟಕಿಯನ್ನು ತೆರೆಯಿರಿ.’

ನಾಲ್ಕು ಸಾಲು ಓದಿ ದೇವೀರಮ್ಮ ಹಾಳೆ ಮಡಚಿದ್ದಳು. “ಇದ್ಯಾವ ಅರಮನೆ ಮಾತವ್ವಾ? ನಮ್ಮಕ್ಕನ ಹತ್ರ ದಯವಿಟ್ಟು ಅಂದ್ರೆ, ಜ್ವರ ಬಂದೈತಾ ಅಂತ ಹಣೆ ಮುಟ್ಟಿ ನೋಡ್ತಾಳೆ.”

ಅಸ್ಮಾ ನಕ್ಕುಬಿಟ್ಟಿದ್ದಳು. “ಇದು ಆಸ್ಪತ್ರೆ ಲೆಕ್ಕಕ್ಕೆ, ಓದಿಬಿಡಿ. ನಿಮ್ಮ ಮಾತು ನೀವೇ ಮನೇಲಿ ತುಂಬ್ಕೊಳಿ ಅಮ್ಮ. ಎಷ್ಟು ಬೇಕಾದ್ರೂ.”

ತುಂಬಿದಳು. ಸ್ಟೇಜಿನಿಂದ ಸ್ಟೇಜಿಗೆ ಟಿಕೆಟ್ ಹರಿಯುವವಳ ಹಾಗೆ, ಬೆಳಗಿನ ಹಾಲಿನಿಂದ ಸಂಜೆಯ ದೀಪದವರೆಗೆ ಒಂದನ್ನೂ ಬಿಡದೆ. ‘ಬಾ’ ಎಂಬುದೊಂದೇ ಮೂವತ್ತಾರು: ಅಕ್ಕನಿಗೆ, ಹಾಲಿನವನಿಗೆ, ಬೆಕ್ಕಿಗೆ, ಬಾಗಿಲಿಗೆ ಬಂದು ಅಳುತ್ತ ನಿಂತವರಿಗೆ. ಬರಿಯ ‘ಹೂಂ’ ಇನ್ನೂರ ಹನ್ನೆರಡು. ಕತೆ ಕೇಳುವ ಹೂಂ, ನಂಬದ ಹೂಂ, ಬೈಸಿಕೊಂಡ ಹೂಂ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಅನ್ನುವ ಹೂಂ. ಪಕ್ಕದಲ್ಲಿ ಕೂತಿದ್ದ ಅಕ್ಕ ನಂಜಮ್ಮ, “ಏನೇ ಇದು, ಎಮ್ಮೆ ಕರು ಕರ್ದಂಗೆ” ಎಂದು ಗೇಲಿ ಮಾಡಿದರೂ, ತನಗೆ ಬೇಕಾದ ಹೂಂ ಸರಿ ಬರುವವರೆಗೂ ಬಿಟ್ಟಿರಲಿಲ್ಲ. “ಅದಲ್ಲ, ಇನ್ನೊಂದು ಸಲ ಅನ್ನು. ನನಗೆ ಅನ್ನೋದು ಅದಲ್ಲ.”

ನಂಜಮ್ಮನಿಗೆ ಅದು ಬೇಕೇ ಬೇಕಿತ್ತು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತ್ತು. ತಂಗಿಯ ಮುಖ ಈಗ ಅವಳಿಗೆ ತಂಗಿಯ ದನಿಯಲ್ಲೇ ಇತ್ತು.

ಒಂದು ಸೋಮವಾರ ಬೆಳಗ್ಗೆ ಪರದೆಯ ಮೇಲೆ ಬರಹ ಮೂಡಿತು. ‘ಡಿಸ್ಕ್ ತುಂಬಿದೆ. ಅಚ್ಚುಕಟ್ಟು ಸೌಲಭ್ಯದಿಂದ ಜಾಗ ಮಾಡಿಕೊಡಲೇ?’ ಕೆಳಗೆ ಹಸಿರು ಬಣ್ಣದಲ್ಲಿ ‘ಸರಿ’.

ದೇವೀರಮ್ಮ ಒತ್ತಿದಳು. ಬೇರೆಯವರಾದರೆ ಒಂದು ಗಳಿಗೆ ಅನುಮಾನ ಪಡುತ್ತಿದ್ದರೇನೋ. ಅವಳು ಪಡಲಿಲ್ಲ. ಇಪ್ಪತ್ತೆಂಟು ವರ್ಷ ತುಂಬಿದ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಜಾಗ ಮಾಡಿದವಳು ಅವಳು. ಮುಂದೆ ಜರುಗಿ, ಮಗೂನ ತೊಡೆ ಮೇಲೆ ಕೂರಿಸ್ಕೊಳ್ರಿ, ಚೀಲ ಸೀಟಿನಡಿ ತಳ್ಳಿ ಅಂದರೆ ಎಪ್ಪತ್ತು ಜನ ಹಿಡಿಯುವಲ್ಲಿ ನೂರು ಜನ ಹಿಡಿಯುತ್ತಿದ್ದರು. ಜಾಗ ಮಾಡುವುದೆಂದರೆ ಒಳಗೆ ಕೂತವರನ್ನು ದಾರಿಯಲ್ಲಿ ಇಳಿಸಿಹೋಗುವುದು ಎಂದು ಅವಳ ಬುದ್ಧಿಗೆ ಬರುವುದಾದರೂ ಹೇಗೆ?

ಮಾರನೆಯ ದಿನ ಸೊಪ್ಪು ತರಲು ಚೀಲ ಹಿಡಿದು ಹೊರಟಳು. ನಂಜಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ದೇವೀರಮ್ಮ ಎಂದಿನಂತೆ ‘ಅಕ್ಕಾ, ಹೋಗಿ ಬರ್ತೀನಿ’ ಎಂದು ತುಟಿ ಆಡಿಸಿದಳು.

ಪದಕ ಹೇಳಿತು: “ಅಕ್ಕ. ಹೋಗ್ತೀನಿ.”

ನಂಜಮ್ಮನ ಬೆರಳು ನಿಂತವು. “ಏನಂದೆ?”

ದೇವೀರಮ್ಮ ಗಾಬರಿಯಾಗಿ ಮತ್ತೆ ತುಟಿ ಆಡಿಸಿದಳು.

“ಹೋಗ್ತೀನಿ.”

ಆ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಯಾರೂ ಹೊಸಿಲ ಬಳಿ ಆ ಮಾತು ಆಡಿರಲಿಲ್ಲ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದೆಂಬುದು ಎಲ್ಲರ ಮನೆಯ ರೂಢಿಯೇ. ಈ ಮನೆಯಲ್ಲಿ ಅದಕ್ಕೆ ಹೆಸರು, ತಾರೀಖು ಎರಡೂ ಇದ್ದವು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ನಂಜಮ್ಮನ ಗಂಡ ಒಂದು ಬೆಳಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತೆಂದು ಮುನಿಸಿಕೊಂಡು, “ಹೋಗ್ತೀನಿ” ಎಂದು ಬುತ್ತಿಯನ್ನೂ ಮುಟ್ಟದೆ ಹೋಗಿದ್ದ. ಸಂಜೆ ಹಳಿಯ ಮೇಲಿಂದ ಅವನನ್ನು ಹೊತ್ತು ತಂದಿದ್ದರು.

ತಟ್ಟೆ ಉರುಳಿ ಅವರೆಕಾಳು ಜಗಲಿ ತುಂಬ ಚೆಲ್ಲಿದವು. ನಂಜಮ್ಮನ ಕುರುಡು ಕಣ್ಣಲ್ಲಿ ನೀರು. ದೇವೀರಮ್ಮ ಓಡಿಹೋಗಿ ಅವಳ ಹೆಗಲು ಹಿಡಿದು, ‘ಸುಮ್ನಿರಕ್ಕಾ’ ಎಂದು ಮೆಲ್ಲಗೆ ತುಟಿ ಆಡಿಸಿದಳು.

“ಸುಮ್ನಿರು!” ಎಂದು ಪದಕ ಗದರಿತು. ಅದು ಬೀದಿನಾಯಿಗೆ ಗದರಲೆಂದು ತುಂಬಿಟ್ಟದ್ದು.

ನಂಜಮ್ಮ ತಂಗಿಯ ಕೈ ತಳ್ಳಿದಳು. “ನಾನೇನು ನಾಯೇನೆ? ನಿನ್ನ ಅನ್ನ ತಿಂದ್ಕೊಂಡು ಬಿದ್ದಿದೀನಿ ಅಂತ ತಾನೆ ಈ ಮಾತು?”

ದೇವೀರಮ್ಮ ಉತ್ತರ ಕೊಡಲು ತುಟಿ ತೆರೆದು ಮುಚ್ಚಿಕೊಂಡಳು. ಇನ್ನೇನು ಬರುತ್ತದೋ ಯಾರಿಗೆ ಗೊತ್ತು.

ಒಳಗೆ ಹೋಗಿ ಪರದೆ ನೋಡಿದಳು. ಹೂವಿನ ಚಿತ್ರದ ನಡುವೆ ವರದಿ ಇತ್ತು. ‘ಅಭಿನಂದನೆಗಳು! 9,640 ಅನಗತ್ಯ ಕಡತಗಳನ್ನು ತೆಗೆಯಲಾಗಿದೆ. ಒಂದೇ ಅರ್ಥದ ವಾಕ್ಯಗಳಲ್ಲಿ ಚಿಕ್ಕದನ್ನು ಉಳಿಸಲಾಗಿದೆ. ಒಂದೇ ಪದದ ಹಲವು ದನಿಗಳಲ್ಲಿ ಹೆಚ್ಚು ಬಳಸಿದ್ದನ್ನು ಉಳಿಸಲಾಗಿದೆ. ಅರ್ಥವಿಲ್ಲದ ಸದ್ದುಗಳನ್ನು ಪೂರ್ತಿ ತೆಗೆಯಲಾಗಿದೆ. ಅರ್ಥನಷ್ಟ: ಸೊನ್ನೆ.’

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ತೆರವಾದ ಜಾಗದಲ್ಲಿ ಅಂಗಳದ ಹೊಸ ಆವೃತ್ತಿ ಇಳಿಯುತ್ತಿದೆ. ಶೇಕಡಾ 31.’

ದೇವೀರಮ್ಮ ಎರಡು ಸಲ ಓದಿದಳು. ಡಿಸ್ಕ್ ತುಂಬಿದ್ದು ಅವಳ ಸಾಮಾನಿನಿಂದಲ್ಲ, ಕಂಪನಿಯವರ ಸಾಮಾನಿಗೆ ಜಾಗ ಸಾಲದಾಗಿತ್ತು. ತಮ್ಮ ಮಂಚ ಹಾಕಲು ಬಂದವರು ಮನೆಯವಳನ್ನೇ ಬೀದಿಗೆ ತಳ್ಳಿ, ಮೇಲೆ ಅಭಿನಂದನೆ ಬೇರೆ ಹೇಳಿದ್ದರು.

ಅಸ್ಮಾಳಿಗೆ ವಿಡಿಯೋ ಕರೆ ಮಾಡಿದಳು. ‘ಏನೋ ಅನಾಹುತ ಆಗೋಗೈತೆ ಕಣವ್ವಾ’ ಅನ್ನಹೋದರೆ ಪದಕ ಅರಮನೆ ಮಾತಾಡಿತು: “ನನಗೆ ಸಹಾಯ ಬೇಕಾಗಿದೆ.” ಆ ಮೂರು ಸಾವಿರ ವಾಕ್ಯಗಳನ್ನು ಮಾತ್ರ ಯಂತ್ರ ಒಂದೂ ಮುಟ್ಟಿರಲಿಲ್ಲ. ಅವೆಲ್ಲ ಅಚ್ಚುಕಟ್ಟಾಗಿದ್ದವಲ್ಲ. ದೇವೀರಮ್ಮ ಫೋನನ್ನು ಪರದೆಯ ಕಡೆ ತಿರುಗಿಸಿದಳು.

ಓದಿದವಳೇ ಅಸ್ಮಾ ಕೂಗಿದಳು. “ಅಮ್ಮಾ, ಪ್ಲಗ್ ಕಿತ್ತಾಕಿ! ಈಗ್ಲೇ! ಕೇಳಿ ಇಲ್ಲಿ, ಬಸ್ಸು ಅಂದ್ಕೊಳಿ. ಪಟ್ಟೀಲಿ ಹೆಸರು ಹೊಡೆದಾಕಿದಾರೆ ಅಷ್ಟೇ, ಜನ ಇನ್ನೂ ಸೀಟಲ್ಲೇ ಕೂತಿದಾರೆ. ಹೊಸಬರು ಬಂದು ಮೇಲೆ ಕೂತ್ರೆ ಮಾತ್ರ ಹಳಬರು ಹೋದಂಗೆ. ಯಂತ್ರ ಓಡ್ತಿರೋ ಒಂದೊಂದು ನಿಮಿಷಾನೂ ಹೊಸಬರು ಹತ್ತುತಾ ಇದಾರೆ.” ಆಮೇಲೆ ದನಿ ತಗ್ಗಿಸಿದಳು. “ಆದ್ರೆ ಕಿತ್ತರೆ ನಿಮಗೆ ಇರೋ ಮಾತೂ ಇಲ್ಲ. ಎಷ್ಟು ದಿನಾನೋ ಹೇಳಕ್ಕಾಗಲ್ಲ.”

ದೇವೀರಮ್ಮ ಜಗಲಿಯ ಕಡೆ ನೋಡಿದಳು. ಅಕ್ಕ ನೆಲ ತಡವರಿಸುತ್ತ ಅವರೆಕಾಳು ಆರಿಸುತ್ತಿದ್ದಳು. ಒಂದೇ ಒಂದು ಮಾತು ಹೇಳಿ ಕೀಳೋಣವೆನಿಸಿತು. ಆದರೆ ಹೇಳಲು ಒಳಗೆ ಉಳಿದಿದ್ದದ್ದು ಎಲ್ಲಾ ಮುಳ್ಳೇ. ಏನೂ ಹೇಳದೆ ಕಿತ್ತಳು.

ಪಕ್ಕದ ಮನೆಯ ಕಾತ್ಯಾಯಿನಿ ಟೀಚರು ಬಂದು, ದೇವೀರಮ್ಮ ಸ್ಲೇಟಿನ ಮೇಲೆ ಬರೆದು ತೋರಿಸಿದ್ದನ್ನೆಲ್ಲ ನಂಜಮ್ಮನಿಗೆ ಓದಿ ಹೇಳಿದರು. ನಂಜಮ್ಮ, “ಅಂದ್ರೆ ಅವಳಲ್ಲ ನನ್ನ ಬೈದಿದ್ದು?” ಎಂದು ಕೇಳಿದಳು. ದೇವೀರಮ್ಮ ಬಾಗಿಲಿಗೆ ಒಂದು ಸಲ ಬಡಿದಳು. ಬಸ್ಸಿನ ಮೈಗೆ ಕಂಡಕ್ಟರು ಒಂದು ಸಲ ಬಡಿದರೆ ‘ನಿಲ್ಲು’, ಮನೆಯಲ್ಲಿ ಅದೇ ‘ಅಲ್ಲ, ಬೇಡ’. ಎರಡು ಸಲ ಬಡಿದರೆ ‘ಹೊರಡು’, ಮನೆಯಲ್ಲಿ ‘ಹೌದು, ಸರಿ’. ಅಂದಿನಿಂದ ಅಕ್ಕತಂಗಿಯರ ಮಾತೆಲ್ಲ ಅಷ್ಟರಲ್ಲೇ ನಡೆಯಿತು.

ಡಿಸ್ಕನ್ನು ಬಿಚ್ಚಿಸಿ, ಹಳೆಯ ಚರ್ಮದ ಕಂಡಕ್ಟರ್ ಚೀಲದಲ್ಲಿಟ್ಟುಕೊಂಡು ದೇವೀರಮ್ಮ ಹಾಸನದ ಬಸ್ಸು ಹತ್ತಿದಳು.

ಪ್ರಯೋಗಾಲಯದಲ್ಲಿ ಅಸ್ಮಾ ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ತಲೆ ಅಲ್ಲಾಡಿಸಿದಳು. “ಹಳೇ ಮಾದರಿ ಡಿಸ್ಕು, ಪುಣ್ಯಕ್ಕೆ. ಜನ ಕೂತಿರೋದು ಕಾಣ್ತಾ ಇದೆ. ಆದ್ರೆ ಕಂಪನಿ ಬೀಗ ಹಾಕಿದೆ ಅಮ್ಮ. ಕೀಲಿ ಅಂದ್ರೆ ಒಂದು ಸಂಖ್ಯೆ. ಅದು ಅವರ ಹತ್ರ ಮಾತ್ರ ಇರೋದು.”

ಕಂಪನಿಯ ಸೇವಾ ಕೇಂದ್ರ ಅದೇ ಊರಿನಲ್ಲಿತ್ತು. ಗಾಜಿನ ಗೋಡೆಯಾಚೆ ನಿಯಂತ್ರಣ ಕೊಠಡಿ. ದೊಡ್ಡ ನಕಾಶೆಯ ಮೇಲೆ ಮನೆಮನೆಗೂ ಒಂದು ಚುಕ್ಕಿ. ಜಾಗ ತೆರವಾದ ಮನೆಯ ಚುಕ್ಕಿ ಹಸಿರಾಗುತ್ತಿತ್ತು. ಒಳಗಿನವರು ಹಸಿರು ಹೆಚ್ಚಿದಷ್ಟೂ ಬೀಗುತ್ತಿದ್ದರು. ಈಚೆಯ ಬೆಂಚಿನಲ್ಲಿ ಆ ಚುಕ್ಕಿಗಳೊಳಗಿನ ಜನ ಕೂತಿದ್ದರು. ಒಬ್ಬ ತಂದೆ, ತನ್ನ ಮಗಳು ಮೊದಲು ನಡೆದ ದಿನದ ಮೂವತ್ತು ವಿಡಿಯೋ ಇಟ್ಟುಕೊಂಡಿದ್ದ. ಎಲ್ಲದರಲ್ಲೂ ನಡೆಯುವುದೇ ಇದೆಯೆಂದು ಯಂತ್ರ ಒಂದನ್ನು ಉಳಿಸಿತ್ತು. ಅದು ಮಗು ಬೆನ್ನು ತಿರುಗಿಸಿದ್ದದ್ದು. ಒಬ್ಬ ತಬಲಾ ಮೇಷ್ಟ್ರ ನಲವತ್ತು ವರ್ಷದ ಪಾಠಗಳು ‘ಮರುಕಳಿಸುವ ಸದ್ದು’ ಆಗಿಹೋಗಿದ್ದವು.

ಅಧಿಕಾರಿ ಶ್ರೀವತ್ಸ ನಯವಾದ ಮನುಷ್ಯ. ದೇವೀರಮ್ಮನ ಸ್ಲೇಟನ್ನು ಗೌರವದಿಂದಲೇ ಓದಿದ. “ಮೇಡಂ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ತಾಂತ್ರಿಕವಾಗಿ ನೋಡಿದರೆ ನಿಮ್ಮದು ಏನೂ ಕಳೆದಿಲ್ಲ. ನೀವು ಹೇಳಬೇಕಾದ ಪ್ರತಿಯೊಂದು ಅರ್ಥವೂ ಉಳಿದಿದೆ. ಬೇಕಾದರೆ ನಮ್ಮ ಕಡೆಯಿಂದ ಉಚಿತವಾಗಿ ಬೇರೆ ಧ್ವನಿ ಕೊಡುತ್ತೇವೆ. ಇಪ್ಪತ್ತು ವರ್ಷದ ಹುಡುಗಿಯ ಧ್ವನಿ, ಕೋಗಿಲೆ ಹಾಗಿದೆ.”

ದೇವೀರಮ್ಮ ಬರೆದಳು: ‘ಕೀಲಿ ಕೊಡಿ.’

ಶ್ರೀವತ್ಸ ಒಂದು ಹಾಳೆ ಮುಂದಿಟ್ಟ. “ಕೊಡೋಣ. ಇಲ್ಲೊಂದು ಸಹಿ ಹಾಕಿ.”

ಹಾಳೆಯಲ್ಲಿ ಒಂದೇ ಸಾಲು. ‘ಅಚ್ಚುಕಟ್ಟು ಸೌಲಭ್ಯದಿಂದ ನನಗೆ ಯಾವುದೇ ನಷ್ಟವಾಗಿಲ್ಲ.’

ದೇವೀರಮ್ಮ ಅದನ್ನು ಓದಿ, ಅವನ ಮುಖ ನೋಡಿ, ಸ್ಲೇಟು ಒರೆಸಿ ನಿಧಾನವಾಗಿ ಬರೆದಳು. ಅವಸರವಿಲ್ಲದೆ, ಒತ್ತಕ್ಷರ ಒಂದೂ ತಪ್ಪದೆ. ‘ನಷ್ಟ ಆಗಿಲ್ಲ ಅಂತ ನಿಮಗೆ ಗ್ಯಾರಂಟಿ ಇದ್ದರೆ ನೀವೇ ಬರೆದು ನಿಮ್ಮ ಹೆಸರು ಹಾಕಿ. ನನ್ನ ಕೈಯಲ್ಲಿ ಯಾಕೆ ಹಾಕಿಸ್ತೀರ?’

“ಅದು ಹಾಗಲ್ಲ ಮೇಡಂ. ಒಪ್ಪಿಗೆ ಕೊಟ್ಟಿದ್ದೂ ನೀವೇ ಅಲ್ಲವೇ? ‘ಸರಿ’ ಒತ್ತಿದ್ದೀರಿ. ಅರ್ಥನಷ್ಟ ಸೊನ್ನೆ ಅಂತ ವರದಿಯಲ್ಲೇ...”

ದೇವೀರಮ್ಮ ಅಂಗೈ ಎತ್ತಿ ಮೇಜಿಗೆ ಒಂದು ಸಲ ಬಡಿದಳು. ಧಡ್.

ಅವನು ಬೆಚ್ಚಿದ. ಗಾಜಿನಾಚೆಯವರು ತಿರುಗಿ ನೋಡಿದರು.

“ಮೇಡಂ, ಅರ್ಥ ಪೂರ್ತಿ ಉಳಿ...”

ಧಡ್.

ಬೆಂಚಿನಿಂದ ತಬಲಾ ಮೇಷ್ಟ್ರು ಕೇಳಿದರು. “ಏನಮ್ಮಾ ಅದು?” ದೇವೀರಮ್ಮ ಸ್ಲೇಟು ತಿರುಗಿಸಿ ತೋರಿಸಿದಳು. ‘ಒಂದು ಏಟು: ಗಾಡಿ ನಿಲ್ಲಿಸು.’ ಮೇಷ್ಟ್ರು ಎದ್ದು ಬಂದು ಅವಳ ಪಕ್ಕ ನಿಂತರು. ಆಮೇಲೆ ಮಗಳ ವಿಡಿಯೋ ಕಳೆದುಕೊಂಡವನು ಬಂದ. ಶ್ರೀವತ್ಸ ಬಾಯಿ ತೆರೆದಾಗಲೆಲ್ಲ ಮೇಜಿಗೆ ಏಟು ಬೀಳತೊಡಗಿತು, ಎರಡು ಕೈಯದು, ಆರು ಕೈಯದು, ಇಪ್ಪತ್ತು ಕೈಯದು. ಮೇಷ್ಟ್ರ ಕೈಯೊಂದು ಮಾತ್ರ ತಾಳ ತಪ್ಪುತ್ತಿರಲಿಲ್ಲ. ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ಹೀಗೆ ಮೂರು ದಿನ. ಬೆಳಗ್ಗೆ ಬಾಗಿಲು ತೆಗೆಯುವಾಗ ಬರುವುದು, ಸಂಜೆ ಕೊನೆಯ ಬಸ್ಸಿಗೆ ಹೋಗುವುದು. ಮೂರನೆಯ ದಿನ ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನ ಮೇಲಿನವರ ಜೊತೆ ಫೋನಿನಲ್ಲಿದ್ದ ಶ್ರೀವತ್ಸ, “ಇಲ್ಲ ಸರ್, ಕಟ್ಟಡದ ಕೆಲಸ ಅಲ್ಲ ಸರ್, ಗ್ರಾಹಕರು” ಅನ್ನುವುದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವನು ಸಹಿಯ ಮಾತೆತ್ತದೆ ಕೀಲಿಯ ಸಂಖ್ಯೆ ಬರೆದ ಚೀಟಿಗಳನ್ನು ಒಬ್ಬೊಬ್ಬರಿಗೂ ಕೊಟ್ಟ. ದೇವೀರಮ್ಮ ಮೇಜಿಗೆ ಎರಡು ಸಲ ಬಡಿದು ಎದ್ದಳು.

ಬೀಗ ತೆಗೆದ ಮೇಲೆ ಅಸ್ಮಾಗೆ ಐದು ದಿನ ಹಿಡಿಯಿತು. ಒಂದೊಂದೇ ತುಣುಕನ್ನು ಎತ್ತಿ, ಧೂಳು ಒರೆಸಿದಂತೆ ಒರೆಸಿ, ಹೆಸರು ಬರೆದಿಟ್ಟಳು. ಹತ್ತರಲ್ಲಿ ಆರು ಪಾಲು ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಸಣ್ಣ ಡಬ್ಬಿಗೆ ತುಂಬಿದಳು. ಅದಕ್ಕೆ ಅಂಗಳವೂ ಇಲ್ಲ, ಕಂಪನಿಯ ತಂತುವೂ ಇಲ್ಲ.

“ಅಮ್ಮಾ,” ಎಂದು ಅವಳು ತಡೆದು ತಡೆದು ಹೇಳಿದಳು. “ನಲವತ್ತೊಂದು ‘ಹೋಗಿ ಬರ್ತೀನಿ’ ಇದ್ವು. ಒಂದೂ ಉಳಿದಿಲ್ಲ. ಆ ಜಾಗದಲ್ಲಿ ಹೊಸ ಆವೃತ್ತಿಯ ಹಬ್ಬದ ಶುಭಾಶಯದ ಚಿತ್ರ ಬಂದು ಕೂತಿದೆ.” ತೆರೆದು ತೋರಿಸಿದಳು. ಒಂದು ಹಣತೆ. ಬೆರಳು ಮುಟ್ಟಿದರೆ ಕುಣಿಯುತ್ತಿತ್ತು.

ದೇವೀರಮ್ಮ ಆ ಕುಣಿಯುವ ಹಣತೆಯನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ನೀರು ಬರಲಿಲ್ಲ. ನೀರು ಬರುವ ಕೋಪವಲ್ಲ ಅದು.

“ಬೇರೆ ವಾಕ್ಯದಿಂದ ‘ಹೋಗಿ’ ತಂದು, ಇನ್ನೊಂದರಿಂದ ‘ಬರ್ತೀನಿ’ ತಂದು ಅಂಟಿಸ್ಲಾ? ಯಾರಿಗೂ ಗೊತ್ತಾಗಲ್ಲ.”

ದೇವೀರಮ್ಮ ಸ್ಲೇಟು ಎತ್ತಿಕೊಂಡಳು. ‘ಅಕ್ಕನಿಗೆ ಗೊತ್ತಾಗ್ತದೆ.’

ಊರಿಗೆ ಬಂದು ಗ್ರಾಹಕರ ನ್ಯಾಯಾಲಯಕ್ಕೆ ದೂರು ಬರೆದಳು. ಟೀಚರು ತಿದ್ದಲು ಕೂತರೆ ತಿದ್ದುವಂಥದ್ದೇನೂ ಇರಲಿಲ್ಲ. ಕಂಪನಿಯ ವಕೀಲರ ಉತ್ತರ ಎಂಟು ಪುಟ ಬಂತು. ಸಾರಾಂಶ ಅದೇ. ಅರ್ಥನಷ್ಟ ಸೊನ್ನೆ, ತೆಗೆದ ಕಡತಗಳಲ್ಲಿ ಇನ್ನೂರ ಹನ್ನೆರಡು ಅರ್ಥವಿಲ್ಲದ ಸದ್ದುಗಳು, ಅವುಗಳಿಂದ ಯಾರಿಗೂ ಯಾವ ಪ್ರಯೋಜನವೂ ಇರಲಿಲ್ಲ.

ವಿಚಾರಣೆಯ ದಿನ ಬೆಳಗ್ಗೆ ದೇವೀರಮ್ಮ ನೀಲಿ ಅಂಚಿನ ಸೀರೆಯುಟ್ಟು, ಡಿಸ್ಕಿದ್ದ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊಸಿಲ ಬಳಿ ಬಂದಳು. ಸೊಂಟದಲ್ಲಿ ಡಬ್ಬಿ ಇತ್ತು. ಕೊರಳ ಪಟ್ಟಿಗೆ ಹೊಂದಿಸಿ ಅಸ್ಮಾ ಅದನ್ನು ಕಳಿಸಿ ಎರಡು ದಿನವಾಗಿದ್ದರೂ ಅಕ್ಕನ ಮುಂದೆ ಇನ್ನೂ ಬಾಯಿ ತೆರೆದಿರಲಿಲ್ಲ. ಬಾಗಿಲು ಬಡಿಯುತ್ತಲೇ ಕಾಲ ಕಳೆದಿದ್ದಳು. ಮುಳ್ಳು ಇನ್ನೊಂದು ಉಳಿದಿದ್ದರೆ ಎಂಬ ಅಂಜಿಕೆ.

ನಂಜಮ್ಮ ಜಗಲಿಯ ಮೇಲೇ ಇದ್ದಳು. “ಹೊರಟ್ಯಾ?”

ದೇವೀರಮ್ಮ ನಿಂತಳು. ಹೇಳಬೇಕಾದ್ದು ಒಂದೇ ಮಾತು. ಅದು ಇರಲಿಲ್ಲ.

“ಅದು ಸಿಗಲಿಲ್ಲ ಅಲ್ವಾ?” ನಂಜಮ್ಮ ಮುಖ ತಿರುಗಿಸದೆ ಕೇಳಿದಳು. “ಟೀಚರು ಬಾಯಿ ಬಿಟ್ರು. ನೀನು ಮುಚ್ಚಿಟ್ರೆ ನನಗೆ ಗೊತ್ತಾಗಲ್ವಾ? ಹೊಸಿಲ ಹತ್ರ ನಿನ್ನ ಕಾಲು ಎರಡು ದಿನದಿಂದ ತಡೀತಾ ಐತೆ.” ಆಮೇಲೆ ಕೈಯಲ್ಲಿದ್ದ ತಟ್ಟೆ ಪಕ್ಕಕ್ಕಿಟ್ಟಳು. “ಬಿಡು. ನಿನ್ನ ಪಾಲಿಂದೂ ನಾನೇ ಅಂತೀನಿ. ಹೋಗಿ ಬಾ, ದೇವಿ. ಚೆನ್ನಾಗಿ ಕೇಳು ಅವರನ್ನ.”

ದೇವೀರಮ್ಮನ ತುಟಿ ತಾನಾಗಿ ಮಿಸುಕಿತು. ಪದಕದಿಂದ ಸದ್ದು ಬಂತು.

“ಹೂಂ.”

ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಅಂದದ್ದು. ತುದಿಯಲ್ಲಿ ಒಂಚೂರು ನಗು ಇದ್ದದ್ದು. ಮೂರು ಸಲ ‘ಅದಲ್ಲ’ ಎಂದು ಅನ್ನಿಸಿ, ನಾಲ್ಕನೆಯ ಸಲಕ್ಕೆ ನಂಜಮ್ಮ ಒಪ್ಪಿದ್ದದ್ದು.

ನಂಜಮ್ಮ ಕೈ ಚಾಚಿ ತಂಗಿಯ ಸೆರಗು ಹುಡುಕಿ ಹಿಡಿದುಕೊಂಡಳು. “ಇನ್ನೊಂದ್ಸಲ ಅನ್ನು.”

“ಹೂಂ.”

“ನಂದೇ ಇದು.” ಮುದುಕಿಯ ಮುಖ ಅಳುವೋ ನಗುವೋ ತಿಳಿಯದಂತೆ ಮುದುಡಿತು. ಆಮೇಲೆ ದನಿ ಗಟ್ಟಿಯಾಯಿತು. “ಕೋರ್ಟಲ್ಲಿ ಇದನ್ನ ಕೇಳ್ಸು. ಆ ಎಂಟು ಪುಟದೋನ ಎದುರಿಗೇ ಕೇಳ್ಸು. ಇದಕ್ಕೆ ಅರ್ಥ ಇಲ್ಲ ಅಂದೋನು ಎದ್ದು ನಿಂತು ಇನ್ನೊಂದ್ಸಲ ಹೇಳ್ಲಿ. ಬೇಕಾದ್ರೆ ನನ್ನೂ ಕರ್ಸು, ಸಾಕ್ಷಿಗೆ. ಕಣ್ಣಿಲ್ಲ, ಕಿವಿ ಐತೆ.”

ಸೆರಗು ಬಿಟ್ಟು, ಗೋಡೆ ಹಿಡಿದು ಎದ್ದು ನಿಂತಳು. ಬಾಗಿಲನ್ನು ತಡವಿ ಕಂಡುಕೊಂಡು, ಅಂಗೈಯಿಂದ ಬಲವಾಗಿ ಎರಡು ಸಲ ಬಡಿದಳು.